ಚಪ್ಪರಕ್ಕೆ ಹತ್ತಿದ ಬೂಷ್ಟು

ಸಿಟ್ಟು ನನಗೆ ಹೊಸದಲ್ಲ. ಆದರೆ ವ್ಯಾನಿನ ಪಕ್ಕದ ಚಪ್ಪರ ಬಿಚ್ಚಿದ ದಿನ ಬಂದಂಥ ಸಿಟ್ಟು ಹಿಂದೆ ಎಂದೂ ಬಂದದ್ದಿಲ್ಲ. ಬಿಳಿ ಬಟ್ಟೆಯ ತುಂಬ ಕರಿ ಚುಕ್ಕೆ, ಅಂಚಿಗೆ ಹಸಿರು ಪಾಚಿ, ಹಳಸಿದ ಅನ್ನದ ಪಾತ್ರೆ ತೆರೆದ ಹಾಗೆ ವಾಸನೆ. ನನ್ನ ಗಂಡ ನಿವೃತ್ತಿಯಾದ ಮೇಲೆ ಹಳೆಯ ವ್ಯಾನು ಕೊಂಡು, ಒಳಗೆ ಮಲಗಲು ಎರಡು ಹಲಗೆ, ಹೊರಗೆ ಬಿಚ್ಚಿ ಕಟ್ಟುವ ಈ ಬಟ್ಟೆ ಚಪ್ಪರ ಮಾಡಿಸಿದ್ದರು. ನೆರೂಳಿನ ನಮ್ಮ ಸೊಸೈಟಿಯಲ್ಲಿ ಅದೇ ನಮ್ಮ ಅಂಬಾರಿ.

ಮೇ ತಿಂಗಳಲ್ಲಿ ಅಣ್ಣ ಆ ವ್ಯಾನನ್ನು ಎರವಲು ಒಯ್ದಿದ್ದ. ಬಟ್ಟೆಯನ್ನು ಒದ್ದೆಯಲ್ಲೇ ಸುತ್ತಿ ಕೊಟ್ಟವನು ಅವನೇ, ಇನ್ಯಾರು? ಕೈ ಕೂಡ ತೊಳೆಯದೆ ಫೋನ್ ಹಚ್ಚಿದೆ.

"ಅಣ್ಣಾ, ಏನ್ ಮಾಡಿಟ್ಟೀಯೋ ಇದನ್ನ? ಹಸೀ ಬಟ್ಟಿ ಸುತ್ತಿ ಇಡ್ತಾರೇನು?"

"ನಾ ಒಣಗಿಸೇ ಕೊಟ್ಟೇನಿ, ತಂಗೆವ್ವಾ."

"ಸುಳ್ಳ ಹೇಳಬ್ಯಾಡ! ಇದನ್ನೇನು ನಿಮ್ಮ ಲಾರಿ ತಾಡಪತ್ರಿ ಅಂತ ತಿಳಕೊಂಡೀಯೇನು?"

ಅವನು ಥಟ್ಟನೆ ಫೋನ್ ಇಟ್ಟ. ಅಣ್ಣ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗಳಿಗೆ ತಾಡಪತ್ರಿ ಬಿಗಿದು ಬಿಗಿದೇ ಮನೆ ನಡೆಸಿದವನು. ನಾನು ಓದಿದ್ದೂ ಆ ದುಡಿಮೆಯಿಂದಲೇ.

ನಾಗರ ಪಂಚಮಿಗೆ ಇನ್ನು ಐದು ದಿನ ಇತ್ತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅವ್ವ, ಅಪ್ಪ ಹೋದ ಮೇಲೆ ಠಾಣೆ ಊರಿನ ಕಡೆ ಕೋಪರಿಯಲ್ಲಿರುವ ಅವನ ಸಣ್ಣ ಮನೆಯೇ ನನ್ನ ತವರು. ಮಳೆಯಲ್ಲಿ ಲೋಕಲ್ ರೈಲು ನಿಂತ ವರ್ಷವೂ ಹೇಗೋ ಬಂದು, ತೊಯ್ದುಕೊಂಡೇ ಬಾಗಿಲಲ್ಲಿ ನಿಂತು, "ನಡೀ, ನಿಮ್ಮ ವೈನಿ ಉಂಡಿ ಕಟ್ಟ್ಯಾಳ" ಎಂದು ಅತ್ತಿಗೆಯ ಲಾಡು ತಿನ್ನಲು ಕರೆದವನು. ಈ ಸಲ ಬಾರದಿದ್ದರೆ? ಬಾರದಿದ್ದರೆ ಹೋಗಲಿ ಎಂದು ಹಲ್ಲು ಕಚ್ಚಿದೆ. ತಪ್ಪು ಮಾಡಿದವನಿಗೇ ಇಷ್ಟು ಬಿಗುಮಾನ!

ಮರುದಿನ ಮಳೆ ಬಿಟ್ಟಿತು. ಬಚ್ಚಲಿನ ಬ್ಲೀಚ್ ಬಾಟಲಿ ಹಿಡಿದು ಹೊರಟೆ. ಗಂಡ ಅಡ್ಡ ಬಂದರು. ಅವರು ಉಡುಪಿ ಕಡೆಯವರು, ಸಿಟ್ಟೆಂಬುದೇ ಗೊತ್ತಿಲ್ಲ. ಅದಕ್ಕೂ ನನಗೆ ಸಿಟ್ಟು.

"ಅದು ಹಾಕಿದ್ರೆ ಬಟ್ಟೆ ಮಳೆ ನೀರು ತಡೆಯುವುದಿಲ್ಲ ಮಾರಾಯ್ತಿ. ಸಾಬೂನು ನೀರು ಸಾಕು."

ರಾತ್ರಿಯೆಲ್ಲ ಪಾರ್ಕಿಂಗಿನ ಸೂರಿನಡಿ ಗಾಳಿಗೆ ಬಿಟ್ಟಿದ್ದ ಬಟ್ಟೆಯಿಂದ ಮೊದಲು ಒಣ ಬೂಷ್ಟನ್ನು ಬ್ರಷ್ಷಿನಿಂದ ಉದುರಿಸಿದೆವು. ಆಮೇಲೆ ಉಗುರುಬೆಚ್ಚಗಿನ ಸಾಬೂನು ನೀರು. ಅದಕ್ಕೂ ಬಗ್ಗದ ಚುಕ್ಕೆಗಳಿಗೆ ವಿನೆಗರ್ ಬೆರೆಸಿದ ನೀರು ಹಚ್ಚಿ, ಅರ್ಧ ಗಂಟೆ ಬಿಟ್ಟು, ಮತ್ತೆ ಉಜ್ಜು. ಒಂದೊಂದು ಚುಕ್ಕೆಗೂ ಅಣ್ಣನಿಗೆ ಒಂದೊಂದು ಬೈಗುಳ. ಮಗ್ಗಿನಿಂದ ನೀರು ಹೊಯ್ಯುತ್ತಿದ್ದ ಗಂಡ ಮೆಲ್ಲಗೆ ಬಾಯಿ ಬಿಟ್ಟರು.

"ಅವರು ಕೊಟ್ಟಾಗ ಒಣಗಿಯೇ ಇತ್ತು. ಜೂನಿನಲ್ಲಿ ನಾವು ಕಲ್ಯಾಣದ ಆಚೆ ಹೋದಾಗ ಮಳೆ ಬಂತಲ್ಲ? ಬೇಗ ಸುತ್ತಿ, ಬೇಗ ಸುತ್ತಿ ಅಂತ ಬೊಬ್ಬೆ ಹೊಡೆದದ್ದು ನೀನೇ. ಮನೆಗೆ ಬಂದು ಒಣಗಿಸುವ ಅಂದ್ರೆ, ನಾಳೆ ಅಂದೆ."

ನೆನಪಾಯಿತು. ಹಾಳಾದ್ದು, ಎಲ್ಲ ನೆನಪಾಯಿತು.

"ನಿನ್ನೆ ಹೇಳಾಕ ನಿಮಗೇನ ಧಾಡಿ ಆಗಿತ್ರೀ?" ಎಂದು ಕಿರುಚಿದೆ.

"ನೀನು ಯಾರಿಗಾದ್ರೂ ಬಾಯಿ ತೆರೆಯಲಿಕ್ಕೆ ಬಿಡ್ತೀಯಾ?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಅವ್ವನ ಬಾಯಲ್ಲಿ ನೂರು ಸಲ ಕೇಳಿದವಳು ನಾನು. ಕೇಳಿ ಏನು ಬಂತು? ನನ್ನ ಮೇಲೆ ನನಗೇ ಮೈ ಉರಿಯಿತು. ಸಾಬೂನಿನ ಕೈಯಲ್ಲೇ ಮತ್ತೆ ಫೋನ್ ಹಚ್ಚಿದೆ.

"ಅಣ್ಣಾ, ತಪ್ಪು ನಂದ. ಹಸೀ ಬಟ್ಟಿ ಸುತ್ತಿದಾಕಿ ನಾನ."

"ಹೂಂ," ಎಂದ. "ಎರಡೂ ಮಗ್ಗಲ ಒಣಗಲಿ. ಹೊಲಿಗಿ ಒಳಗ ನೀರ ನಿಂತಿರತೈತಿ, ಅದನ್ನ ನೋಡು."

ಗಿರಾಕಿಗೆ ಹೇಳುವ ಮಾತು. ತಂಗೆವ್ವಾ ಎನ್ನಲಿಲ್ಲ.

"ಪಂಚಮಿಗೆ ಕರ್ಯಾಕ ಬರ್ತೀಯಲ್ಲ?" ಎಂದೆ. ಕೇಳಿ ಕರೆಸಿಕೊಳ್ಳುವ ಹಬ್ಬವಲ್ಲ ಅದು. ಆದರೂ ಮಾನ ಬಿಟ್ಟು ಕೇಳಿದೆ.

"ದಾರಿ ಗೊತ್ತೈತೆಲ್ಲ ನಿನಗ," ಎಂದ. "ಬಾ."

ಪಂಚಮಿಯ ದಿನ ಬೆಳಿಗ್ಗೆಯೇ ಸೀರೆ ಉಟ್ಟು, ಬಾಗಿಲು ತೆರೆದಿಟ್ಟು, ಹನ್ನೊಂದು ಗಂಟೆಯವರೆಗೆ ಕೂತೆ. ಆಮೇಲೆ ಒಬ್ಬಳೇ ಠಾಣೆ ಲೋಕಲ್ ಹತ್ತಿದೆ.