ಮೂರು ಸೆಕೆಂಡಿನ ನೇರ ಗೆರೆ

ನನ್ನ ಕೈಯಲ್ಲಿ ಕೆಂಪು ಪೆನ್ನು ಇದ್ದರೆ ನನ್ನ ಗಂಡನೂ ಹತ್ತಿರ ಬರುವುದಿಲ್ಲ. ಬೀದರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ, ತಪ್ಪು ಹುಡುಕುವುದು ನನ್ನ ಚಟ. ಮದುವೆ ಕಾರ್ಡಿನಲ್ಲಿ ಹುಡುಕುತ್ತೇನೆ, ಬಸ್ಸಿನ ಬೋರ್ಡಿನಲ್ಲಿ ಹುಡುಕುತ್ತೇನೆ, ಪಾಸ್ಟರು ಪ್ರಸಂಗ ಮಾಡುವಾಗಲೂ ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಜಂಭದ ನಾನು, ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಉಂಡ ಮನುಷ್ಯನಿಗೆ ಏನಾಗುತ್ತಿದೆ ಎಂಬುದನ್ನು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಯಂತ್ರದಿಂದ ತಿಳಿಯಬೇಕಾಯಿತು.

ನನ್ನ ಗಂಡನದು ಅದೇ ಊರಿನ ಚಿದ್ರಿ ಬಡಾವಣೆಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ. ಹಾರ್ನು, ಹೆಡ್‌ಲೈಟು, ಸೆಲ್ಫ್ ಮೋಟಾರು ದಿನದ ಕೆಲಸ. ಈಚೆಗೆ ರೇಸಿನ ಹುಚ್ಚಿನವರು ತಮ್ಮ ಕಾರಿಗೆ ಜಿಪಿಎಸ್ ಲ್ಯಾಪ್ ಟೈಮರ್ ಕೂಡಿಸಿಕೊಳ್ಳಲು ಹೈದರಾಬಾದಿನ ಕಡೆಯಿಂದಲೂ ಅವರ ಹತ್ತಿರ ಬರತೊಡಗಿದ್ದರು. ಮೈದಾನದಲ್ಲಿ ಎಲ್ಲಿಂದ ಸುತ್ತು ಶುರು ಎಂದು ಒಮ್ಮೆ ಗುರುತು ಮಾಡಿಕೊಟ್ಟರೆ ಸಾಕು, ಕಾರು ಆ ಜಾಗ ದಾಟಿದಾಗಲೆಲ್ಲ ಆ ಯಂತ್ರ ಉಪಗ್ರಹಗಳ ಲೆಕ್ಕ ಹಿಡಿದು ಸುತ್ತಿಗೆ ಎಷ್ಟು ಹೊತ್ತಾಯಿತು ಎಂದು ತೋರಿಸುತ್ತದೆ. ಅದರ ಜೊತೆಯ ಡೇಟಾ ಲಾಗರ್ ಉಳಿದದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ವೇಗ ಎಷ್ಟಿತ್ತು, ಬ್ರೇಕ್ ಎಲ್ಲಿ ಒತ್ತಿದ, ಆಕ್ಸಿಲರೇಟರ್ ಎಷ್ಟು ತುಳಿದ, ಸ್ಟೇರಿಂಗ್ ಎತ್ತ ತಿರುಗಿಸಿದ, ಒಂದನ್ನೂ ಬಿಡುವುದಿಲ್ಲ. ಚಾಡಿಕೋರ ಯಂತ್ರ ಎಂದು ನಾನು ನಗುತ್ತಿದ್ದೆ.

ಅವರಿಗೂ ಆ ಹುಚ್ಚು ಇತ್ತು. ಭಾಲ್ಕಿ ಕಡೆ ಮುಚ್ಚಿಹೋದ ಒಂದು ಇಟ್ಟಂಗಿ ಭಟ್ಟಿಯ ಬಯಲಿದೆ. ಶನಿವಾರ ಮಧ್ಯಾಹ್ನ ನಾಲ್ಕಾರು ಜನ ಹಳೆ ಕಾರು ತಂದು ಅಲ್ಲಿ ಕೆಂಪು ಧೂಳೆಬ್ಬಿಸುತ್ತಾರೆ. ಹತ್ತು ವರ್ಷ ಕೈಗಡಿಯಾರದಲ್ಲೇ ಸುತ್ತು ಎಣಿಸಿದ ನನ್ನ ಗಂಡ ಈ ಬೇಸಿಗೆಯಲ್ಲಿ ತಮ್ಮ ಕಾರಿಗೂ ಆ ಯಂತ್ರ ಕೂಡಿಸಿದರು. ಈಗ್ಯಾಕ ಇದು ಎಂದು ಕೇಳಿದೆ.

"ಖರೆ ಎಷ್ಟದ ಅಂತ ತಿಳೀಲಿ" ಎಂದರು.

"ತಿಳದು ಏನ್ ಮಾಡ್ತೀರಿ? ಈ ವಯಸ್ಸಿನಾಗ ಕಪ್ ಗೆದ್ದು ತರ್ತೀರೇನು?"

ಅವರು ಸ್ಟೇರಿಂಗ್ ಕಂಬಕ್ಕೆ ದಾರ ಸುತ್ತಿ, ಅದರ ತುದಿಗೆ ತಿರುವು ಅಳೆಯುವ ಒಂದು ಸಣ್ಣ ಸೆನ್ಸರ್ ಕಟ್ಟುತ್ತ ಕೂತಿದ್ದರು. ಆಕ್ಸಿಲರೇಟರಿಗೆ ಇಂಜಿನ್ನಿನ ಹತ್ತಿರದಿಂದ ಬೇರೆ ವೈರು, ಬ್ರೇಕಿಗೆ ಹಿಂದಿನ ಕೆಂಪು ಲೈಟಿನಿಂದ ಇನ್ನೊಂದು ವೈರು ಎಳೆದರು. ಕೀಲಿ ತಿರುವಿದರೆ ಲಾಗರ್ ತಾನಾಗಿಯೇ ಶುರುವಾಗಬೇಕು, ಮರೆತು ಬಿಡುವ ಮಾತೇ ಇರಬಾರದು ಎಂದು ಹಾಗೆ ಜೋಡಿಸಿದರು. ಬೇರೆಯವರ ಕಾರಿಗೂ ಅವರು ಅಷ್ಟು ಮುತುವರ್ಜಿ ವಹಿಸಿದ್ದನ್ನು ನಾನು ಕಂಡಿರಲಿಲ್ಲ.

ಮೊದಲ ಶನಿವಾರದ ಲೆಕ್ಕ ಲ್ಯಾಪ್‌ಟಾಪಿಗೆ ಹಾಕಿದರೆ ಕಾರು ಬಯಲು ಬಿಟ್ಟು ಪಕ್ಕದ ತೊಗರಿ ಹೊಲದಲ್ಲಿ ಓಡಿದ ಹಾಗೆ ಬಂದಿತ್ತು. ನಾನು ಹೋಗಿ ನೋಡಿದೆ. ನಮ್ಮ ಮದುವೆಗೆ ಬಂದ ಬಿದರಿ ತಟ್ಟೆಯೊಂದನ್ನು ಅವರು ಮೊದಲಿನಿಂದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿಕೊಂಡಿದ್ದರು. ಬೀದರಿನವರ ಕಾರು ಎಂದು ಎದುರಿಗಿದ್ದವರಿಗೆ ಗೊತ್ತಾಗಬೇಕಂತೆ. ಆಂಟೆನಾವನ್ನು ತಂದು ಅದರ ಕೆಳಗೇ ತುರುಕಿದ್ದರು. ಅಷ್ಟು ದಪ್ಪ ಲೋಹದ ಅಡಿಯಲ್ಲಿ ಅದಕ್ಕೆ ಆಕಾಶ ಕಾಣುವುದಾದರೂ ಹೇಗೆ? ಬಾಯಿ ತುಂಬ ಬೈದೆ, ಆಂಟೆನಾ ಕಾರಿನ ತಲೆಯ ಮೇಲೆ ಹೋಯಿತು, ಕಾರು ಓಡಿದ ಗೆರೆ ಬಯಲಿಗೆ ಬಂತು. ಅಂದಿನಿಂದ ಆ ಗ್ರಾಫುಗಳನ್ನು ನೋಡುವ ಕೆಲಸ ನನ್ನದೇ ಆಯಿತು. ಅವರೇ ತಂದು ಮುಂದೆ ಇಡುತ್ತಿದ್ದರು.

ನೋಡುವುದು ಭಾನುವಾರ, ಆರಾಧನೆ ಮುಗಿಸಿ ಬಂದ ಮೇಲೆ. ನಮ್ಮದು ಅಜ್ಜನ ಕಾಲದಿಂದ ಮೆಥೋಡಿಸ್ಟ್ ಮನೆ. ನಮ್ಮ ಸಭೆಯಲ್ಲಿ ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕುತ್ತಾರೆ, ಅದನ್ನು ಎಲ್ಲರೆದುರು ಓದುವವಳು ನಾನು. ಓದಿದ ಚೀಟಿಗೆ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ ಬೈಬಲಿನೊಳಗೆ ಇಟ್ಟುಕೊಳ್ಳುತ್ತೇನೆ. ಬೇನೆಯ ಜೊತೆ ಹೆಸರನ್ನೂ ಬರೆದರೆ ಮುಗಿಯಿತು, ಮಧ್ಯಾಹ್ನದೊಳಗೆ ಚಿದ್ರಿ ತುಂಬ ಸುದ್ದಿ. ಅದಕ್ಕೇ ಕೆಲವರು ಹೆಸರು ಬರೆಯುವುದಿಲ್ಲ. ಬೇಸಿಗೆಗೆ ಮೊದಲು ಅಂಥ ಒಂದು ಚೀಟಿ ಮೂರು ವಾರ ಬಂದಿತ್ತು. "ಕಣ್ಣು ತೆರೆದಿದ್ದರೂ ಅರೆಗಳಿಗೆ ಕಾಣದೆ ಹೋಗುವ ಒಬ್ಬನಿಗಾಗಿ ಪ್ರಾರ್ಥಿಸಿರಿ." ಅಕ್ಷರ ಕೋಳಿ ಕೆದರಿದ ಹಾಗಿತ್ತು. ಯಾರೋ ಮುದುಕರು, ಕಣ್ಣಿನ ಪೊರೆ ಇರಬೇಕು, ಆಸ್ಪತ್ರೆಗೆ ಹೋಗುವುದು ಬಿಟ್ಟು ಇಲ್ಲಿ ಚೀಟಿ ಹಾಕುತ್ತಾರಲ್ಲ ಎಂದು ಸಿಟ್ಟು ಬಂದಿತ್ತು. ಸರಸರ ಓದಿ ಮುಂದಿನದಕ್ಕೆ ಹೋಗಿದ್ದೆ.

ಆ ನೇರ ಗೆರೆ ಮೊದಲು ಕಂಡದ್ದು ನಾಲ್ಕನೆಯ ವಾರ. ಸ್ಟೇರಿಂಗಿನ ಗೆರೆ ಎಂದರೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ರಸ್ತೆ ನೇರವಿದ್ದರೂ ಮನುಷ್ಯನ ಕೈ ಸುಮ್ಮನಿರುವುದಿಲ್ಲ, ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತದೆ. ಒಂದು ಸುತ್ತಿನಲ್ಲಿ ಮಾತ್ರ, ಎರಡನೆಯ ತಿರುವಿಗೆ ಮೊದಲು, ಆ ಗೆರೆ ಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ಮೂರು ಸೆಕೆಂಡು. ಆಮೇಲೆ ಎಂದಿನಂತೆ.

"ಬೆಸುಗಿ ಬಿಟ್ಟದ ನೋಡ್ರಿ" ಎಂದೆ.

"ಆತು, ನೋಡ್ತೇನಿ" ಎಂದರು.

ಮರುವಾರ ಮತ್ತೆ ಎರಡು ಕಡೆ ಬಂತು. ನನಗೆ ರೇಗಿತು. "ಊರ ಮಂದಿ ಗಾಡಿ ವೈರಿಂಗ್ ಮಾಡ್ತೀರಿ, ನಿಮ್ಮ ಗಾಡಿದು ನೆಟ್ಟಗ ಮಾಡಾಕ ಬರಂಗಿಲ್ಲ? ದಾರ ಸಡಲಾಗ್ಯದ, ಸೆನ್ಸರ್ ಕೆಟ್ಟದ, ಏನೋ ಒಂದು ಆಗ್ಯದ." ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ನನಗೆ ಯಂತ್ರದ ಮೇಲೇ ಗುಮಾನಿ. ಒಮ್ಮೆ ಬಿದರಿ ತಟ್ಟೆ ಕೆಳಗಿಂದ ತಪ್ಪು ಹಿಡಿದಿದ್ದೆನಲ್ಲ, ಈ ಸಲವೂ ಅಂಥದ್ದೇ ಎಂದು ಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಏನೋ ಹೇಳುವವರಿದ್ದರು. ಕುಕ್ಕರ್ ಕೂಗಿತು, ನಾನು ಎದ್ದು ಹೋದೆ.

ಆಮೇಲಿನ ಶನಿವಾರ ಅದೇ ಕಾರಿನಲ್ಲಿ ಔರಾದಿಗೆ ಹೊರಟೆವು. ಅಲ್ಲಿ ಅವರ ಅಕ್ಕನ ಮನೆ. ಅಕ್ಕ ನರ್ಸ್ ಆಗಿ ದುಡಿದು ನಿವೃತ್ತರಾದವರು. ಶಾಲೆಯ ಮಕ್ಕಳ ಅಂಕಗಳನ್ನು ಕಂಪ್ಯೂಟರಿಗೆ ತುಂಬುವುದು ಉಳಿದಿತ್ತೆಂದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಾನು ಗಾಡಿ ನಡೆಸುತ್ತಿದ್ದ ಗಂಡನ ಪಕ್ಕ ಕೂತಿದ್ದೆ. ಅರ್ಧ ದಾರಿ ದಾಟಿರಬೇಕು. ಮುಂದೆ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ದೂರದಿಂದಲೇ ಕಾಣುವಷ್ಟು ದೊಡ್ಡ ಹಿಂಡು. ಕಾರು ನಿಧಾನವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ.

ಕೂಗಿಕೊಂಡು ಅವರ ತೋಳಿಗೆ ಹೊಡೆದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬ್ರೇಕ್ ಬಿತ್ತು, ಕಾರು ಎಳೆದುಕೊಂಡು ಹೋಗಿ ಒಂದು ಟಗರಿನಿಂದ ಮೊಳದೂರದಲ್ಲಿ ನಿಂತಿತು. ಕುರಿಯ ಯಜಮಾನ ಕೋಲು ಹಿಡಿದು ಕಿಟಕಿಗೆ ಬಂದ. "ಕಣ್ಣ ಕಾಣಂಗಿಲ್ಲೇನಪಾ? ಹಗಲೊತ್ತಿನಾಗ ಹಿಂಗ ಬರ್ತಿ?" ನಾನೇ ಕೈ ಮುಗಿದು ತಪ್ಪಾಯಿತು ಎಂದೆ.

ನನ್ನ ಗಂಡ ಕುರಿಗಳನ್ನು ನೋಡುತ್ತಿದ್ದರು. "ಇವು ಯಾವಾಗ ಬಂದ್ವು?" ಎಂದು ಕೇಳಿದರು.

ಆ ಪ್ರಶ್ನೆಗೆ ನಾನು ಅಲ್ಲೇ ಹೌಹಾರಬೇಕಿತ್ತು. ನಾನು ಜಗಳ ತೆಗೆದೆ. ರೇಸಿನ ಹುಚ್ಚು ತಲೆಗೆ ಏರಿದೆ, ರಸ್ತೆಯನ್ನೂ ಭಟ್ಟಿ ಬಯಲು ಅಂದುಕೊಂಡಿದ್ದೀರಿ, ಎಷ್ಟು ಸ್ಪೀಡಿನಲ್ಲಿದ್ದಿರಿ ಎಂದು ಅಕ್ಕನ ಎದುರೇ ತೆಗೆದು ತೋರಿಸುತ್ತೇನೆ ಎಂದು ಔರಾದ್ ಬರುವ ತನಕ ವಟಗುಟ್ಟಿದೆ. ಅವರು ಗಾಡಿಯನ್ನು ಚಕ್ಕಡಿಗಿಂತ ನಿಧಾನ ನಡೆಸಿದರು.

ಹೇಳಿದ ಹಾಗೇ ಮಾಡಿದೆ. ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನ ಗಂಡ ಅಂಗಳದ ಬೇವಿನ ಕೆಳಗೆ ನೀರು ಕುಡಿಯುತ್ತ ಕೂತಿದ್ದರು. ನಾನು ಲಾಗರಿನ ಮೆಮೊರಿ ಕಾರ್ಡು ತಂದು ಲ್ಯಾಪ್‌ಟಾಪಿಗೆ ಹಾಕಿ ಕುರಿ ಅಡ್ಡ ಬಂದ ಜಾಗ ಹುಡುಕಿದೆ. ವೇಗ ಅರವತ್ತರ ಆಸುಪಾಸು, ಹೆಚ್ಚೇನಲ್ಲ. ಅದರ ಕೆಳಗೆ ಸ್ಟೇರಿಂಗಿನ ಗೆರೆ ಇತ್ತು. ನೆಟ್ಟಗಿತ್ತು.

ಆಕ್ಸಿಲರೇಟರಿನ ಗೆರೆ ನೋಡಿದೆ. ಅದೂ ನೆಟ್ಟಗಿತ್ತು. ಅದರ ವೈರು ಬೇರೆ, ಇದರ ವೈರು ಬೇರೆ. ಎರಡೂ ಒಂದೇ ಕ್ಷಣಕ್ಕೆ ಕೆಟ್ಟು ಒಂದೇ ಕ್ಷಣಕ್ಕೆ ಸರಿಹೋಗುವುದು ಹೇಗೆ? ಯಂತ್ರವೇ ನಿಂತುಹೋಗಿತ್ತೇನೋ ಎಂದು ವೇಗದ ಗೆರೆಗೆ ಹೋದೆ. ಏರಿನಲ್ಲಿ ಅದು ತುಸು ಇಳಿದಿತ್ತು, ರಸ್ತೆಯ ಕುಳಿಗಳಿಗೆ ಕಾರು ಕುಲುಕಿದ್ದೂ ಸಣ್ಣ ಸಣ್ಣದಾಗಿ ಬರೆದಿತ್ತು. ಯಂತ್ರ ನಡೆಯುತ್ತಿತ್ತು, ಕಾರು ಓಡುತ್ತಿತ್ತು. ಮೂರು ಸೆಕೆಂಡು, ಐವತ್ತು ಮೀಟರು, ನಡೆಸುವವರು ಇರಲಿಲ್ಲ. ಅಷ್ಟೂ ಹೊತ್ತು ನಾನು ಪಕ್ಕದಲ್ಲಿದ್ದೆ.

ಅಕ್ಕನನ್ನು ಕರೆದೆ. ಆ ಗೆರೆಗಳೆಲ್ಲ ಏನೆಂದು ಹೇಳಿದೆ. ಅವರು ಮೊರ ಕೆಳಗಿಟ್ಟು ಕೇಳಿಸಿಕೊಂಡರು.

"ಉಣ್ಣೋವಾಗ ನಡಬರಕ ಕೈ ನಿಂತುಬಿಡ್ತದೇನು? ಕರದ್ರ ಓ ಅನ್ನಂಗಿಲ್ಲಾ?"

ರೊಟ್ಟಿ ಮುರಿದ ಕೈ ತಾಟಿನ ಮೇಲೇ ನಿಂತದ್ದು ಕಣ್ಣಿಗೆ ಬಂತು. ಕಿವಿ ಅಂಗಡ್ಯಾಗ ಇಟ್ಟು ಬಂದೀರೇನ್ರಿ ಎಂದು ನಾನು ಎಷ್ಟು ಸಲ ಅಣಕಿಸಿದ್ದೆ. ಮಾತಿನ ನಡುವೆ ಗೋಡೆ ನೋಡುತ್ತ ಕೂತದ್ದು, ಎರಡನೆಯ ಸಲ ಕರೆದಾಗ ಏನೂ ಆಗದವರ ಹಾಗೆ ಮಾತು ಮುಂದುವರಿಸಿದ್ದು, ಎಲ್ಲ ಬಂತು.

"ಇದು ಫಿಟ್ಸ್ ಇರಬೇಕು" ಎಂದರು ಅಕ್ಕ. "ಎಲ್ಲಾರೂ ಬಿದ್ದು ಒದ್ದಾಡಂಗಿಲ್ಲ. ಹಿಂಗ ಕುಂತಲ್ಲೇ ಆಗೋದೂ ಅದ. ದೊಡ್ಡ ಡಾಕ್ಟರಿಗೆ ತೋರಸಬೇಕು. ಗುಳಿಗಿ ಅದಾವ, ಆದ್ರ ಇವತ್ತಿನಿಂದ ಅವ ಗಾಡಿ ಮುಟ್ಟಂಗಿಲ್ಲ."

ಫಿಟ್ಸ್ ಎಂದರೆ ಬಾಯಿಗೆ ಬರುವ ನೊರೆ, ಕೈಗೆ ಹಿಡಿಸುವ ಕಬ್ಬಿಣ ಎಂದೇ ಈ ವಿಜ್ಞಾನದ ಟೀಚರಿಗೂ ಗೊತ್ತಿದ್ದದ್ದು.

ಲ್ಯಾಪ್‌ಟಾಪ್ ಎತ್ತಿಕೊಂಡು ಬೇವಿನ ಕೆಳಗೆ ಹೋದೆ. ತೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು.

"ಇದು ರಸ್ತಾದ್ದೇನು?"

"ಕುರಿ ಬಂದಾಗಿಂದು."

"ಬಯಲಾಗ ಅಷ್ಟೇ ಆಗ್ತದ ಅಂದ್ಕೊಂಡಿದ್ದೆ. ಬಿಸಿಲಿಗಿ, ಧೂಳಿಗಿ."

"ನಿಮಗ ಗೊತ್ತಿತ್ತಾ?"

ಅವರು ಗಿಲಾಸು ತಿರುವುತ್ತ ಕೂತರು. "ಒಂದ್ ಕಡಿ ಇರ್ತೇನಿ, ಕಣ್ಣ ಬಿಟ್ಟೇ ಇರ್ತೇನಿ, ನೋಡಿದ್ರ ಇನ್ನೊಂದ್ ಕಡಿ ಬಂದಿರ್ತೇನಿ. ನಡುವಿಂದು ಇರಂಗಿಲ್ಲ. ಖರೇನೋ ಭ್ರಮೇನೋ ನನಗ ತಿಳೀವಲ್ದಾಗಿತ್ತು. ಅದಕ್ಕ ಆ ಮಿಷನ್ ಕೂಡಿಸಿದೆ."

"ಲ್ಯಾಪ್ ಟೈಮ್ ಅಂದ್ರಲ್ಲಾ."

"ಗಾಡಿ ಬಿಡಬೇಕಾಗ್ತದ ಅಂತ ಹೇಳಾಕ ಬಾಯಿ ಬರಲಿಲ್ಲ. ಗ್ರಾಫ್ ಇಟ್ರ ನೀ ತಪ್ಪ ಹಿಡೀದ ಬಿಡಂಗಿಲ್ಲ ಅಂತ ಗೊತ್ತಿತ್ತು. ನೀ ವೈರಿನ ತಪ್ಪು ಅಂದಿ."

ಸಿಟ್ಟು ಬಂತು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇಷ್ಟು ದೂರ ಬಂದಿರಲ್ಲ, ಆ ಹಿಂಡಿನ ನಡುವೆ ಒಬ್ಬ ಮನುಷ್ಯ ಇದ್ದನಲ್ಲ ಎಂದು ಕೂಗಾಡಿದೆ. ಅತ್ತುಬಿಟ್ಟೆ. ಅಕ್ಕ ಬಂದು ಬಾಗಿಲಲ್ಲಿ ನಿಂತರು. ನನ್ನ ಗಂಡ ಕಾರಿನ ಕೀಲಿ ತೆಗೆದು ಅಕ್ಕನ ಕೈಗೆ ಕೊಟ್ಟರು.

"ನನಗ ಒಂದ್ ಮಾತು ಹೇಳಬಾರದಿತ್ತೇನ್ರಿ" ಎಂದೆ ಕೊನೆಗೆ.

"ಹೇಳಿದ್ದೆ" ಎಂದರು. "ಎಡಗೈಲೆ ಬರದು ಡಬ್ಬಿಗಿ ಹಾಕಿದ್ದೆ. ನೀನೇ ಓದತಿ ಅಂತ. ಮೂರ್ ಸಲ ಓದಿದಿ."

ಕಾರು ಔರಾದಿನಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆವು. ಅವರು ಕಿಟಕಿಯ ಪಕ್ಕ ಕೂತು ರಸ್ತೆ ನೋಡುತ್ತಿದ್ದರು. ನಾನು ಅವರ ಮುಂಗೈ ಹಿಡಿದುಕೊಂಡಿದ್ದೆ, ಅಲುಗುತ್ತಿದೆಯೋ ಇಲ್ಲವೋ ಎಂದು ಬೀದರ ಬರುವ ತನಕ ನೋಡುತ್ತಲೇ ಇದ್ದೆ.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಬೈಬಲ್ ತೆಗೆದು ಚೀಟಿಗಳನ್ನು ಹರವಿದೆ. ಆ ಮೂರೂ ಅಲ್ಲೇ ಇದ್ದವು. ಮೂರರ ಮೇಲೂ ನನ್ನ ಕೆಂಪು ಪೆನ್ನಿನ ರೈಟ್ ಇತ್ತು.