ಭೂಗೋಳದ ಮಾಸ್ತರು ಮನೆಗೆ ಬಂದಾಗ

ನಮ್ಮ ಭೂಗೋಳದ ಮಾಸ್ತರು ಶನಿವಾರ ಸಂಜೆ ಮಕ್ಕಳ ಮನೆಗಳಿಗೆ ಬರುತ್ತಿದ್ದರು. ಆ ವಾರ ನಾವು ಬರೆದ ನಕಾಶೆಯನ್ನು ತಂದೆತಾಯಿಯರ ಮುಂದೆ ಚಾಪೆಯ ಮೇಲೆ ಹಾಸಿ, "ಮದಲ ಕೆಲಸಾ ನೋಡ್ರಿ, ಆಮ್ಯಾಲೆ ಮಾತು" ಎನ್ನುತ್ತಿದ್ದರು.

"ಹುಡಿಗೀಗೆ ಐದನೇ ಇಯತ್ತೆ ಸಾಕು" ಎಂದು ಅಪ್ಪ ನನ್ನನ್ನು ಶಾಲೆ ಬಿಡಿಸಲು ನಿರ್ಧರಿಸಿದ್ದ ವಾರವೇ ಅವರು ಬಂದರು. ಹಾಸಿದ್ದು ಹುಬ್ಬಳ್ಳಿಯ ನಮ್ಮ ಓಣಿಯಿಂದ ಉಣಕಲ್ ಕೆರೆಯವರೆಗೆ ನಾನು ಬರೆದ ದಾರಿ.

ಅಪ್ಪ ಬಗ್ಗಿ ನೋಡಿದ. "ಕೆರಿ ಈ ಕಡೆ ಎಲ್ಲೈತ್ರಿ ಮಾಸ್ತರ? ಆ ಕಡೆ ಐತಿ. ಇದನ್ನೇನು ನೀವು ಕಲಸೂದು?"

"ತಪ್ಪು ನಂದರಿ," ಎಂದರು ಮಾಸ್ತರು. "ನಿಮಗ ದಾರಿ ಛಲೋ ಗೊತ್ತೈತಿ. ನಾಳೆ ಈಕಿನ್ನ ಕರಕೊಂಡು ಹೋಗಿ ತಿದ್ದಸ್ರಿ. ಸೋಮವಾರ ಸಾಲ್ಯಾಗ ಗ್ವಾಡಿಗೆ ಹಚ್ಚತೇನಿ."

ಅವರು ಸರಿಯಾಗಿಯೇ ಕಲಿಸಿದ್ದರು, ತಪ್ಪು ನನ್ನದು. ಅದು ಗೊತ್ತಿದ್ದೇ ಅವರು ಹಾಗೆಂದರು ಎಂದು ನನ್ನ ನಂಬಿಕೆ. ಅವರ ಮೇಲಿನ ಮೆಚ್ಚುಗೆಯಿಂದ ನಾನೇ ಆಮೇಲೆ ಹಾಗೆ ಕಲ್ಪಿಸಿಕೊಂಡೆನೋ ಏನೋ, ಹೇಳಲಾರೆ. ರವಿವಾರ ಅಪ್ಪ ನನ್ನನ್ನು ಉಣಕಲ್‌ವರೆಗೆ ನಡೆಸಿ, ಕೆರೆಯನ್ನಷ್ಟೇ ಅಲ್ಲ, ದಾರಿಯ ಬಾವಿಗಳನ್ನೂ ಬರೆಸಿದ.

ಸೋಮವಾರ ಮುಂಜಾನೆ ಬಾಗಿಲಲ್ಲಿ ನಿಂತು ಅವಸರ ಮಾಡಿದವನೂ ಅವನೇ: "ಲಗೂ ನಡಿ, ಮಾಸ್ತರು ಹಾದಿ ಕಾಯಾಕತ್ತಿರ್ತಾರ."