ಕೆನ್ನೆ ಯಜಮಾನರು

ಹಳೇ ಸಾಮಾನಿನಂಗಡಿಯವರಿಗೆ ಬೀದಿಯವರಿಟ್ಟ ಹೆಸರು ಕೆನ್ನೆ ಯಜಮಾನರು. ಮುತ್ತಿನ ಚಿಪ್ಪಿನ ಹೂ ಕೂರಿಸಿದ, ಚಹಾಪುಡಿ ಇಡುವ ಹಳೇ ಮರದ ಪೆಟ್ಟಿಗೆ ಯಾವುದೇ ಬರಲಿ, ಕನ್ನಡಕ ಹಣೆಗೇರಿಸಿ, ಮೊಮ್ಮಗುವನ್ನು ಮುದ್ದಾಡುವವರಂತೆ ಕೆನ್ನೆಗೊತ್ತಿಕೊಳ್ಳುತ್ತಾರೆ. ತಣ್ಣಗಿದ್ದರೆ ಅಸಲಿ ಚಿಪ್ಪು. ಬೆಚ್ಚಗಿದ್ದರೆ ಪ್ಲಾಸ್ಟಿಕ್ಕು, ತಂದವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ತಗೊಂಡೋಗಿ ಒಲೆಗೆ ಹಾಕಿ, ಚಹಾನಾದ್ರೂ ಕುದಿಯುತ್ತೆ!" ಯಾರಾದರೂ ಬಾಯಿತಪ್ಪಿ 'ಟೀ ಡಬ್ಬಿ' ಎಂದರೆ ಮುಗಿಯಿತು, ಚಹಾಪುಡಿಗೂ ಬೀಗ ಹಾಕುತ್ತಿದ್ದ ಕಾಲದಿಂದ ಹಿಡಿದು ಪೆಟ್ಟಿಗೆಗೆ ಬಳಸುವ ಕರಿಮರ, ಆಮೆಚಿಪ್ಪು, ಹಿತ್ತಾಳೆ ತಂತಿಯವರೆಗೆ ಕೊರೆಯುತ್ತಾರೆ, ಗಿರಾಕಿ ಆಕಳಿಸಿದರೂ ಬಿಡುವುದಿಲ್ಲ. ಅವರ ಸ್ವಂತ ಚಹಾಪುಡಿ ಇರುವುದು ಮಾತ್ರ ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯಲ್ಲಿ. ಮಾರದೆ ಇಟ್ಟುಕೊಂಡಿರುವ ಪೆಟ್ಟಿಗೆ ಒಂದೇ. ಅದಕ್ಕೆ ಯಾರಾದರೂ ಕೈಹಾಕಿದರೆ "ಮುಟ್ಬೇಡ್ರೀ, ಅದು ನಕಲಿ" ಎಂದು ಸಿಡುಕುತ್ತಾರೆ. ಅದರ ಹೂವಿನಲ್ಲಿ ಉದುರಿಹೋಗಿದ್ದ ಒಂದು ಎಸಳಿನ ಜಾಗಕ್ಕೆ ಅವರ ಹೆಂಡತಿ ತಮ್ಮ ಮುರಿದ ಪ್ಲಾಸ್ಟಿಕ್ ಬಾಚಣಿಗೆಯ ತುಂಡನ್ನು ಕೊಯ್ದು ಅಂಟಿಸಿದ್ದರು. "ಒಳ್ಳೇ ಮಾಲು ಹಾಳ್ಮಾಡ್ಬಿಟ್ಟೆ" ಎಂದು ಯಜಮಾನರು ಒಂದು ವಾರ ಮಾತು ಬಿಟ್ಟಿದ್ದರು. ಆಕೆ ತೀರಿಕೊಂಡು ಮೂರು ವರ್ಷವಾಯಿತು. ಬೆಳಿಗ್ಗೆ ಅಂಗಡಿ ತೆರೆದವರೇ ಯಜಮಾನರು ಮೊದಲು ಆ ಪೆಟ್ಟಿಗೆಯನ್ನು ಕೆನ್ನೆಗೊತ್ತಿಕೊಳ್ಳುತ್ತಾರೆ. ಹೂವೆಲ್ಲ ತಣ್ಣಗಿರುತ್ತದೆ, ಆ ಎಸಳೊಂದು ಬೆಚ್ಚಗಿರುತ್ತದೆ.